ಕಳಸ ಕತ್ತರಿಸೋ ವ್ಯೂಫೈಂಡರ್: ಎಲ್ಲಾನೂ ಪ್ಯಾರಲಾಕ್ಸ್ ಮೇಲೆ ಹಾಕ್ಬೇಡಿ

ಕ್ಯಾಮೆರಾ ಮೇಲೆ ಫ್ಲ್ಯಾಶ್ ಕೂರಿಸೋ ಹಾಟ್ ಶೂಗೆ ಸಿಕ್ಕಿಸಿ ಕಣ್ಣಿಟ್ಟು ನೋಡೋ ಸಣ್ಣ ವ್ಯೂಫೈಂಡರ್ ಬರುತ್ತಲ್ಲ, ಅಂಥದ್ದೊಂದು ಹಳೇದನ್ನ, 28 ಎಂಎಂ ಲೆನ್ಸಿಗೆ ಹೊಂದೋದನ್ನ, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದೆ. ಒಳಗೆ ಬೆಳ್ಳಗೆ ಹೊಳೆಯೋ ಚೌಕಟ್ಟು, ಆ ಗೆರೆಯೊಳಗೆ ಕಂಡಿದ್ದು ಫೋಟೋಲಿ ಬರ್ಬೇಕು. ಬರ್ತಿರ್ಲಿಲ್ಲ. ಜನರನ್ನ ತೆಗೆದ್ರೆ ತಲೆ ಕಟ್, ದೂರದ ಗೋಪುರ ತೆಗೆದ್ರೆ ಕಳಸ ಕಟ್. ಯಾರನ್ನ ಕೇಳಿದ್ರೂ ಒಂದೇ ಉತ್ತರ, "ಅದು ಪ್ಯಾರಲಾಕ್ಸು, ಎಲ್ಲಾದ್ರಲ್ಲೂ ಇರುತ್ತೆ, ಅಡ್ಜಸ್ಟ್ ಮಾಡ್ಕೊಳಿ". ಪ್ಯಾರಲಾಕ್ಸ್ ಅಂದ್ರೆ ಫೈಂಡರ್ ಒಂದು ಜಾಗದಿಂದ, ಲೆನ್ಸ್ ಇನ್ನೊಂದು ಜಾಗದಿಂದ ನೋಡೋದ್ರಿಂದ ಬರೋ ವ್ಯತ್ಯಾಸ. ಈ ಉತ್ತರ ಕೇಳಿದ್ರೆ ನನಗೆ ಸಿಟ್ಟು ಬರುತ್ತೆ, ಯಾಕಂದ್ರೆ ಕಳಸ ಹೋಗಿದೆ ಅಂದ್ಮೇಲೆ ಅದು ಪ್ಯಾರಲಾಕ್ಸ್ ಆಗಿರೋಕೆ ಸಾಧ್ಯನೇ ಇಲ್ಲ.

ಲೆಕ್ಕ ನೋಡಿ. ನನ್ನ ಕ್ಯಾಮೆರಾದಲ್ಲಿ ಫೈಂಡರ್ ಇರೋದು ಲೆನ್ಸ್‌ಗಿಂತ ಸುಮಾರು 6 ಸೆಂಮೀ ಮೇಲೆ. ಎರಡೂ ನೆಟ್ಟಗೆ ಒಂದೇ ದಿಕ್ಕಿಗೆ ನೋಡ್ತಿದ್ರೆ ಎಷ್ಟೇ ದೂರ ಹೋದ್ರೂ ವ್ಯತ್ಯಾಸ ಆ 6 ಸೆಂಮೀ ಅಷ್ಟೇ. ಒಂದು ಮೀಟರ್ ದೂರದಲ್ಲಿ ಕೂತೋರ ಮುಖದಲ್ಲಿ 6 ಸೆಂಮೀ ಅಂದ್ರೆ ಅರ್ಧ ಹಣೆ ಹೋಯ್ತು, ನಿಜ. ಆದ್ರೆ 50 ಮೀಟರ್ ದೂರದ ಗೋಪುರದಲ್ಲಿ 6 ಸೆಂಮೀ ಯಾವ ಲೆಕ್ಕ? ಅದೇ ಗೆರೆಗಳೇ 2 ಡಿಗ್ರಿ ಮೇಲಕ್ಕೆ ವಾಲಿದ್ರೆ ಕಥೆ ಉಲ್ಟಾ, ಒಂದು ಮೀಟರಲ್ಲಿ ಮೂರೂವರೆ ಸೆಂಮೀ ತಪ್ಪು, 50 ಮೀಟರಲ್ಲಿ ಒಂದೂಮುಕ್ಕಾಲು ಮೀಟರ್. ಮೊದಲ್ನೇದು ದೂರ ಹೋದಂಗೆ ಫೋಟೋಲಿ ಕರಗುತ್ತೆ, ಎರಡನೇದು ದೂರ ಹೋದಂಗೆ ಬೆಳೆಯುತ್ತೆ. ಎರಡೂ ತಲೇನೇ ಕತ್ತರಿಸೋದ್ರಿಂದ ಜನ ಎರಡನ್ನೂ ಒಂದೇ ಅಂದ್ಕೊಂಡ್ಬಿಟ್ಟಿದ್ದಾರೆ.

ಪ್ಯಾರಲಾಕ್ಸ್ ದೂರಕ್ಕೆ ಎಷ್ಟು ಕರಗುತ್ತೆ ಅಂದ್ರೆ, 1838ರಲ್ಲಿ ಬೆಸೆಲ್ ಅನ್ನೋ ಜರ್ಮನ್ ಖಗೋಳಜ್ಞ 61 ಸಿಗ್ನಿ ನಕ್ಷತ್ರದ ದೂರ ಕಂಡುಹಿಡಿದಿದ್ದು ಇದರಿಂದ್ಲೇ. ಅಲ್ಲಿ ಫೈಂಡರ್, ಲೆನ್ಸ್ ಎರಡರ ಜಾಗದಲ್ಲಿ ಭೂಮಿ ಸೂರ್ಯನ ಆ ಕಡೆ ಇದ್ದಾಗೊಂದು ನೋಟ, ಈ ಕಡೆ ಬಂದಾಗೊಂದು ನೋಟ, ನಡುವೆ 30 ಕೋಟಿ ಕಿಲೋಮೀಟರ್. ಅಷ್ಟಿದ್ರೂ ನಕ್ಷತ್ರ ಕದಲಿ ಕಂಡಿದ್ದು ಒಂದು ಡಿಗ್ರೀಲಿ ಐದು ಸಾವಿರದಲ್ಲೊಂದು ಪಾಲಿಗಿಂತ ಕಮ್ಮಿ! ಅದನ್ನ ಅಳೆದ ಮನುಷ್ಯನ ತಾಳ್ಮೆ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ.

ಸರಿ, ಗೆರೆಗಳು ವಾಲೋದು ಹೆಂಗೆ? ಮುಂದಿನ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರ್ತಾರೆ ಅಂತ ತುಂಬಾ ಜನ ನಂಬಿದ್ದಾರೆ. ಫೈಂಡರ್ ಮುಂದ್ಗಡೆ ಅಂಗೈ ಮುಚ್ಚಿ ನೋಡಿ, ಗೆರೆಗಳೂ ಮಾಯ. ಅವು ಇರೋದು ನಿಮ್ಮ ಕಣ್ಣಿನ ಪಕ್ಕದಲ್ಲೇ, ಹಿಂದಿನ ಗಾಜಿನ ಸುತ್ತ, ನಿಮಗೆ ಬೆನ್ನು ಹಾಕ್ಕೊಂಡು. ಮುಂದಿನ ಗಾಜಿಂದ ಬಂದ ಬೆಳಕು ಆ ಚೌಕಟ್ಟಿಗೆ ಬಿದ್ದು, ವಾಪಸ್ ಮುಂದಕ್ಕೆ ಹೋಗಿ, ಮುಂದಿನ ಗಾಜಿನ ಒಳಮೈಯಲ್ಲಿರೋ, ಸ್ವಲ್ಪ ಬೆಳಕು ಬಿಟ್ಟು ಸ್ವಲ್ಪ ವಾಪಸ್ ಕಳಿಸೋ ಅರೆಗನ್ನಡಿಗೆ ಬಡಿದು, ತಿರುಗಿ ಕಣ್ಣಿಗೆ ಬರುತ್ತೆ. ಕನ್ನಡಿ ಒಳಬಾಗಿರೋದ್ರಿಂದ, ಚೌಕಟ್ಟು ಸರಿಯಾಗಿ ಅದರ ಫೋಕಸ್‌ನಲ್ಲಿ ಇರೋದ್ರಿಂದ, ಗೆರೆಗಳು ಅನಂತ ದೂರದಲ್ಲಿ ತೇಲ್ತಿರೋ ಹಂಗೆ ಕಾಣ್ತವೆ. ಇದು ಡಚ್ಚರ ವ್ಯಾನ್ ಆಲ್ಬಡಾ ಮಾಡಿದ ಉಪಾಯ, 1930ರ ದಶಕದಲ್ಲಿ ಝೈಸ್ ಐಕಾನ್ ಕ್ಯಾಮೆರಾಗಳಿಗೆ ಬಂತು. ಹೊಳೆಯೋ ಗುರುತನ್ನ ಅನಂತ ದೂರಕ್ಕೆ ಕಳಿಸೋ ಯೋಚನೆ 1900ರಲ್ಲೇ ಡಬ್ಲಿನ್ನಿನ ಹೋವರ್ಡ್ ಗ್ರಬ್ ಬಂದೂಕಿನ ಗುರಿಗೆ ಮಾಡಿದ್ದ.

ಕನ್ನಡಿ ಅಂದ್ಮೇಲೆ ಅದರ ಗುಣ ಬಿಡುತ್ತಾ? ಚಿಕ್ಕವರಿದ್ದಾಗ ಒಡೆದ ಕನ್ನಡಿ ಚೂರಲ್ಲಿ ಬಿಸಿಲು ಹಿಡಿದು ಎದುರು ಮನೆ ಗೋಡೆಗೆ ಬಿಟ್ಟಿದ್ದು ನೆನಪಿದ್ಯಾ, ಕೈ ಒಂಚೂರು ಅಲ್ಲಾಡಿದ್ರೆ ಬೆಳಕು ಗೋಡೆಯಿಂದ ಗೋಡೆಗೆ ಹಾರ್ತಿತ್ತು. ಬೈಕ್ ಮಿರರ್ ಒಂದು ಬೆರಳು ತಿರುಗಿಸಿದ್ರೆ ಹಿಂದಿನ ಬಸ್ಸು ಹೋಗಿ ಮರ ಬರುತ್ತೆ. ಕನ್ನಡಿ 1 ಡಿಗ್ರಿ ವಾಲಿದ್ರೆ ಬಿಂಬ 2 ಡಿಗ್ರಿ ಸರಿಯುತ್ತೆ, ಯಾವಾಗ್ಲೂ ಡಬಲ್. ಆದ್ರೆ ಅದೇ ಗಾಜಿನ ಮೂಲಕ ನೇರ ಕಾಣೋ ದೃಶ್ಯ, ಗೋಪುರ, ಮರ, ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತೆ, ಗೆರೆ ಮಾತ್ರ ಓಡುತ್ತೆ. 20 ಮಿಮೀ ಅಗಲದ ಗಾಜು ಒಂದು ಅಂಚಲ್ಲಿ 0.35 ಮಿಮೀ, ಅಂದ್ರೆ ಮೂರ್ನಾಲ್ಕು ಹಾಳೆ ದಪ್ಪ, ಎದ್ದಿದ್ರೆ ಸಾಕು, 1 ಡಿಗ್ರಿ ವಾಲಿ ಕಳಸ ಹೋಯ್ತು.

ಇದು ಗೊತ್ತಾದ್ರೆ ರೋಗ ಎಲ್ಲಿದೆ ಅಂತ ಬಿಚ್ಚದೇ ಹೇಳ್ಬಹುದು. ಗೆರೆ ಮೇಲೆ-ಕೆಳಗೆ, ಆಚೆ-ಈಚೆ ಸರಿದಿದ್ರೆ ಮುಂದಿನ ಗಾಜನ್ನ ಅನುಮಾನಿಸಿ. ಸೊಟ್ಟಗೆ ತಿರುಗಿದ್ರೆ ಗಾಜಿನ ತಪ್ಪಲ್ಲ, ದುಂಡಗಿನ ಕನ್ನಡೀನ ಬಟ್ಟಲಂಗೆ ಎಷ್ಟು ತಿರುಗಿಸಿದ್ರೂ ಬಿಂಬ ತಿರುಗಲ್ಲ, ಹಿಂದಿನ ಚೌಕಟ್ಟು ತಿರುಗಿರುತ್ತೆ, ಇಲ್ಲಾ ಶೂಗೆ ಸಿಕ್ಕೋ ಕೆಳಗಿನ ಕಾಲು ವಾಲಿರುತ್ತೆ. ಮೊದ್ಲು ಕಾಲು ಶೂನಲ್ಲಿ ಲೊಡಲೊಡ ಅನ್ನುತ್ತಾ ನೋಡಿ, ಹಂಗಿದ್ರೆ ಒಂದು ಪೇಪರ್ ಚೂರು ತುರುಕಿದ್ರೆ ಕೆಲಸ ಮುಗೀತು.

ನಂದು ಕಾಲು ಬಿಗಿಯಾಗೇ ಇತ್ತು. ಡಿಜಿಟಲ್ ಕ್ಯಾಮೆರಾಗೆ 28 ಎಂಎಂ ಲೆನ್ಸ್ ಹಾಕಿ, ಟ್ರೈಪಾಡ್ ಮೇಲಿಟ್ಟು, ಮಹಡಿಯಿಂದ ದೂರದ ನೀರಿನ ಟ್ಯಾಂಕ್ ನೋಡಿದೆ. ಸ್ಕ್ರೀನಲ್ಲಿ ಟ್ಯಾಂಕ್ ಮುಚ್ಚಳ ಮೇಲಿನ ಅಂಚಿಗೆ ತಾಗಿತ್ತು, ಫೈಂಡರಲ್ಲಿ ಅದರ ಮೇಲೆ ಇನ್ನೂ ಆಕಾಶ. ಸೈಕಲ್ ಟ್ಯೂಬ್ ತುಂಡು ಒತ್ತಿ ಹಿಡಿದು ಮುಂದಿನ ರಿಂಗ್ ತಿರುಗಿಸಿದೆ, ಬಿಚ್ಕೊಂತು. ಗಾಜು ಕೂರೋ ಮೆಟ್ಟಿಲಲ್ಲಿ ಹಳೇ ಅಂಟು ಗಟ್ಟಿಯಾಗಿ ಒಂದು ಕಡೆ ಸಾಸಿವೆಯಷ್ಟು ಗಂಟು ಕಟ್ಟಿತ್ತು. ಹಲ್ಲುಕಡ್ಡೀಲಿ ಮೆಲ್ಲಗೆ ಕೆರೆದು ತೆಗೆದೆ. ಗಾಜಿನ ಒಳಮೈ ಮಾತ್ರ ಬಟ್ಟೆಯಿಂದ ಒರೆಸೋಕೆ ಹೋಗ್ಬೇಡಿ, ಬ್ಲೋವರ್ ಸಾಕು, ಆ ಅರೆಗನ್ನಡಿ ಲೇಪನ ಕಿತ್ಕೊಂಡು ಬಂದ್ರೆ ಗೆರೆಗಳೇ ಇರಲ್ಲ, ಮತ್ತೆ ತರಿಸೋಕಾಗಲ್ಲ.

ರಿಂಗ್ ಅರ್ಧ ಬಿಗಿ ಮಾಡಿ ಶೂಗೆ ಸಿಕ್ಕಿಸಿ ನೋಡಿದೆ, ಮುಚ್ಚಳ ಮತ್ತು ಗೆರೆ ಸರಿಯಾಗಿ ತಾಗ್ತಿದ್ವು. ಪೂರ್ತಿ ಬಿಗಿ ಮಾಡಿ ಅಂಚಿಗೆ ಒಂದು ಹನಿ ನೇಲ್ ಪಾಲಿಶ್ ಹಾಕ್ದೆ. ಸಂಜೆ ಮಗಳನ್ನ ಒಂದೂವರೆ ಮೀಟರ್ ದೂರದಲ್ಲಿ ಕೂರಿಸಿ ತೆಗೆದ ಫೋಟೋಲಿ ಗೆರೆಗಿಂತ 6 ಸೆಂಮೀ ಕಮ್ಮಿ ಬಂದಿದೆ, ಮುಡಿದ ಮಲ್ಲಿಗೆ ಅರ್ಧ ಇಲ್ಲ. ಇದು ಅಪ್ಪಟ ಪ್ಯಾರಲಾಕ್ಸು, ಇದಕ್ಕೆ ಮಾತ್ರ ಕ್ಯಾಮೆರಾನ ಒಂಚೂರು ಎತ್ತಿ ಹಿಡೀತೀನಿ.