ಸ್ಕ್ಯಾನ್ ಮಾಡಿದ ಅಂಚೆಚೀಟಿಗೆ ದರ್ಜೆ: ಸಾಫ್ಟ್‌ವೇರ್ ಅಳೆಯುವುದೇನು, ಅದರ ಕಣ್ಣು ತಪ್ಪಿಸುವುದೇನು

ಅಂಚೆಚೀಟಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ ಮುಖ್ಯವಾಗಿ ಅಮೆರಿಕದ ಮಾರುಕಟ್ಟೆಯದು. ಅಲ್ಲಿನ ಪ್ರೊಫೆಷನಲ್ ಸ್ಟಾಂಪ್ ಎಕ್ಸ್‌ಪರ್ಟ್ಸ್ ಸಂಸ್ಥೆಯ ಮಾಪಕದಲ್ಲಿ 70 ಬಂದರೆ ‘ಫೈನ್’, 80 ಬಂದರೆ ‘ವೆರಿ ಫೈನ್’, 90 ಬಂದರೆ ‘ಎಕ್ಸ್‌ಟ್ರೀಮ್ಲಿ ಫೈನ್’, 98 ಬಂದರೆ ‘ಸೂಪರ್ಬ್’. ಒಂದೇ ಚೀಟಿಯ 80ರ ಪ್ರತಿಗೂ 98ರ ಪ್ರತಿಗೂ ಬೆಲೆಯಲ್ಲಿ ಹಲವು ಪಟ್ಟು ಅಂತರವಿರಬಹುದು. ಅಂಚೆಚೀಟಿ ಸಂಗ್ರಾಹಕರ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ ನಡೆಯುವ ಪ್ರದರ್ಶನಗಳಲ್ಲಿ ಲೆಕ್ಕ ಬೇರೆ. ಸಾಂಪ್ರದಾಯಿಕ ವಿಭಾಗದಲ್ಲಿ ಚೀಟಿಗಳ ಸ್ಥಿತಿಗೆ ಮೀಸಲಾಗಿರುವುದು ನೂರರಲ್ಲಿ 10 ಅಂಕ ಮಾತ್ರ. ಜ್ಞಾನ ಮತ್ತು ಸಂಶೋಧನೆಗೆ 35. ಆದ್ದರಿಂದ ನಮ್ಮಲ್ಲಿ ಪ್ರದರ್ಶನಕ್ಕೆ ಸಿದ್ಧವಾಗುವವರು ಈ ಅಂಕದ ಹಿಂದೆ ಬೀಳಬೇಕಾಗಿಲ್ಲ. ಆದರೆ ಅಂಕಕ್ಕಾಗಿ ಮಾಡುವ ಅಳತೆಗಳು ಚೀಟಿಯನ್ನು ಗುರುತಿಸಲು, ತಿದ್ದಿದ ಚೀಟಿಯನ್ನು ಹಿಡಿಯಲು ಬಹಳ ಉಪಯುಕ್ತ. ನನ್ನ ಆಸಕ್ತಿ ಇರುವುದು ಅಲ್ಲಿ.

ಉದಾಹರಣೆಗೆ ಅಮೆರಿಕದ ವಾಷಿಂಗ್ಟನ್–ಫ್ರಾಂಕ್ಲಿನ್ ಸರಣಿಯನ್ನು ತೆಗೆದುಕೊಳ್ಳುತ್ತೇನೆ. 1908ರಿಂದ 1922ರವರೆಗೆ ಹೊರಬಂದ ಈ ಚೀಟಿಗಳಲ್ಲಿ ಇರುವುದು ಎರಡೇ ಮುಖ, ಜಾರ್ಜ್ ವಾಷಿಂಗ್ಟನ್ ಮತ್ತು ಬೆಂಜಮಿನ್ ಫ್ರಾಂಕ್ಲಿನ್. ಮುಂದಿನಿಂದ ನೋಡಿದರೆ ಒಂದೇ ತರಹ ಕಾಣುವ ಚೀಟಿಗಳು ಚೀಟಿ ಬಿಡಿಸಲೆಂದು ಅಂಚಿನಲ್ಲಿ ಹೊಡೆದ ರಂಧ್ರದ ಅಳತೆ, ವಾಟರ್‌ಮಾರ್ಕ್ (ಕಾಗದದೊಳಗೇ ಮೂಡಿಸಿದ ಗುರುತು), ಮುದ್ರಣಯಂತ್ರ ಇವುಗಳಿಂದ ಬೇರೆಬೇರೆ ಆಗುತ್ತವೆ. ಅಳತೆ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಮೊದಲು ಸ್ಕ್ಯಾನರ್

ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿರಲಿ, ಸ್ಕ್ಯಾನ್ ಕೆಟ್ಟರೆ ಅಂಕವೂ ಕೆಟ್ಟಿತು. ಚೀಟಿಯ ಕಾಗದ ಬಿಳಿಯಾದ್ದರಿಂದ ಹಿಂದೆ ಕಪ್ಪು ಹಾಳೆ ಇರಬೇಕು. ಆಗ ಮಾತ್ರ ರಂಧ್ರಗಳ ಅಂಚು ಸ್ಪಷ್ಟವಾಗಿ ಬೇರ್ಪಡುತ್ತದೆ. ಸ್ಕ್ಯಾನರ್ ತಾನಾಗಿಯೇ ಮಾಡುವ ಬಣ್ಣದ ತಿದ್ದುಪಡಿ, ಅಂಚು ಚೂಪುಗೊಳಿಸುವಿಕೆ ಎಲ್ಲವನ್ನೂ ನಿಲ್ಲಿಸಬೇಕು. ಚಿತ್ರವನ್ನು ಟಿಫ್ ಅಥವಾ ಪಿಎನ್‌ಜಿ ರೂಪದಲ್ಲಿ ಉಳಿಸಿ; ಜೆಪೆಗ್ ಒತ್ತಿ ಕುಗ್ಗಿಸುವಾಗ ಮಸುಕಾಗುವುದು ನಮಗೆ ಬೇಕಾದ ಅಂಚುಗಳೇ. ಡಬ್ಬಿಯ ಮೇಲೆ ಬರೆದ ಅತಿ ದೊಡ್ಡ ಡಿಪಿಐ (ಒಂದು ಇಂಚಿಗೆ ಎಷ್ಟು ಬಿಂದು) ಸಂಖ್ಯೆಯನ್ನು ನಂಬಬೇಡಿ. ಅದರಲ್ಲಿ ಬಹುಪಾಲು ಸಾಫ್ಟ್‌ವೇರ್ ಊಹಿಸಿ ತುಂಬಿದ ಪಿಕ್ಸೆಲ್‌ಗಳು. ಸಂವೇದಕ ನಿಜವಾಗಿ ನೋಡುವ ಆಪ್ಟಿಕಲ್ ಡಿಪಿಐ ಎಷ್ಟು ಎಂಬುದೇ ಮುಖ್ಯ.

1200 ಡಿಪಿಐಯಲ್ಲಿ ಒಂದು ಮಿಲಿಮೀಟರ್ ಎಂದರೆ ಸುಮಾರು 47 ಪಿಕ್ಸೆಲ್. ಇದು ಕಾಗದದ ಮೇಲಿನ ಲೆಕ್ಕ. ಸ್ಕ್ಯಾನರ್‌ನ ಅಡ್ಡ ದಿಕ್ಕನ್ನು ಸಂವೇದಕದ ಸಾಲು ನಿರ್ಧರಿಸುತ್ತದೆ, ಉದ್ದ ದಿಕ್ಕನ್ನು ಅದನ್ನು ಎಳೆದುಕೊಂಡು ಹೋಗುವ ಮೋಟಾರು. ಎರಡೂ ಸರಿಸಮ ಎಂದು ನಂಬಲು ಕಾರಣವಿಲ್ಲ. ಉಕ್ಕಿನ ಅಳತೆಪಟ್ಟಿಯನ್ನು ಒಮ್ಮೆ ಅಡ್ಡಲಾಗಿ, ಒಮ್ಮೆ ಉದ್ದಕ್ಕೆ ಇಟ್ಟು ಸ್ಕ್ಯಾನ್ ಮಾಡಿ. 100 ಮಿಲಿಮೀಟರಿಗೆ 4724 ಪಿಕ್ಸೆಲ್ ಬರಬೇಕು. ಒಂದು ದಿಕ್ಕಿನಲ್ಲಿ 4700 ಬಂದರೆ ಆ ದಿಕ್ಕಿನ ನಿಜವಾದ ಸಾಂದ್ರತೆ 1194 ಡಿಪಿಐ. ಮುಂದಿನ ಎಲ್ಲ ಅಳತೆಗೂ ಅದನ್ನೇ ಬಳಸಬೇಕು. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಈ ಪ್ರಮಾಣವನ್ನು ಒಮ್ಮೆ ನಮೂದಿಸಿದರೆ ಅಳತೆಗಳು ನೇರವಾಗಿ ಮಿಲಿಮೀಟರಿನಲ್ಲೇ ಬರುತ್ತವೆ. ಹಣ ಕೊಟ್ಟು ಕೊಳ್ಳುವ ದರ್ಜೆ ತಂತ್ರಾಂಶಕ್ಕೂ ಮೊದಲು ಇದರಲ್ಲಿ ಕೈಯಿಂದ ಅಳೆದು ನೋಡುವುದು ಒಳ್ಳೆಯದು. ಒಳಗೆ ಏನು ನಡೆಯುತ್ತದೆ ಎಂಬುದು ಆಗ ಅರ್ಥವಾಗುತ್ತದೆ.

ಸೆಂಟರಿಂಗ್: ಯಾವ ಅಂಚಿನಿಂದ?

ದರ್ಜೆಯ ಅಂಕದಲ್ಲಿ ದೊಡ್ಡ ಪಾಲು ಸೆಂಟರಿಂಗಿನದು, ಅಂದರೆ ಮುದ್ರಿತ ಚಿತ್ರ ಕಾಗದದ ನಡುವೆ ಎಷ್ಟು ಸರಿಯಾಗಿ ಕೂತಿದೆ ಎಂಬುದು. ವಾಷಿಂಗ್ಟನ್–ಫ್ರಾಂಕ್ಲಿನ್ ಚೀಟಿಗಳಲ್ಲಿ ಒಳ್ಳೆಯ ಸೆಂಟರಿಂಗ್ ಅಪರೂಪವಾಗಲು ಮುದ್ರಣದ ವಿಧಾನವೇ ಕಾರಣ. ಕೊರೆದ ಫಲಕದಿಂದ ಶಾಯಿ ಹೀರಿಕೊಳ್ಳಲೆಂದು ಕಾಗದವನ್ನು ತೇವಗೊಳಿಸಿ ಮುದ್ರಿಸುತ್ತಿದ್ದರು. ಒಣಗುವಾಗ ಕಾಗದ ಎಲ್ಲ ಕಡೆ ಒಂದೇ ಸಮನೆ ಕುಗ್ಗುತ್ತಿರಲಿಲ್ಲ. ನಂತರ ಬರುವ ರಂಧ್ರಯಂತ್ರದ ಚಕ್ರಗಳಿಗೆ ಈ ಕುಗ್ಗುವಿಕೆಯ ಅರಿವಿಲ್ಲ. ಅವು ನಿಗದಿಯಾದ ಅಂತರದಲ್ಲೇ ತೂತು ಹೊಡೆಯುತ್ತಾ ಹೋದವು.

ಸಾಫ್ಟ್‌ವೇರ್ ಮೊದಲು ಕಪ್ಪು ಹಿನ್ನೆಲೆಯಿಂದ ಕಾಗದವನ್ನು ಬೇರ್ಪಡಿಸುತ್ತದೆ. ಇದಕ್ಕೆ ನೊಬುಯುಕಿ ಓತ್ಸು 1979ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಸಾಕು: ಬೆಳಕಿನ ಮಟ್ಟಗಳನ್ನು ಎರಡು ಗುಂಪಾಗಿ ಒಡೆಯುವ ಗಡಿಯನ್ನು ಅದು ಚಿತ್ರದಿಂದಲೇ ಹುಡುಕಿಕೊಳ್ಳುತ್ತದೆ. ಆಮೇಲೆ ಚಿತ್ರದ ಚೌಕಟ್ಟಿನ ಗೆರೆಗಳನ್ನು ಪತ್ತೆಮಾಡಿ, ನಾಲ್ಕೂ ಕಡೆಯ ಬಿಳಿ ಅಂಚನ್ನು ಅಳೆಯುತ್ತದೆ.

ಇಲ್ಲಿ ಒಂದು ಪ್ರಶ್ನೆ ಇದೆ, ಬಹಳ ಮಂದಿ ಕೇಳುವುದೇ ಇಲ್ಲ. ಬಿಳಿ ಅಂಚು ಮುಗಿಯುವುದು ಎಲ್ಲಿ? ಹಲ್ಲಿನ (ಎರಡು ರಂಧ್ರಗಳ ನಡುವೆ ಉಳಿಯುವ ಕಾಗದದ) ತುದಿಯಲ್ಲೋ, ರಂಧ್ರದ ಬುಡದಲ್ಲೋ? ಒಂದು ಚೀಟಿಯಲ್ಲಿ ಹಲ್ಲಿನ ತುದಿಯವರೆಗೆ ಎಡಗಡೆ 1.5, ಬಲಗಡೆ 1 ಮಿಲಿಮೀಟರ್ ಅಂಚಿದೆ ಎನ್ನೋಣ. ಅನುಪಾತ 60:40. ರಂಧ್ರದ ಆಳ ಅರ್ಧ ಮಿಲಿಮೀಟರ್ ಆದರೆ ಬುಡದಿಂದ ಅಳೆದಾಗ ಅದೇ ಚೀಟಿ 1 ಮತ್ತು 0.5, ಅಂದರೆ 67:33. ಚೀಟಿ ಬದಲಾಗಲಿಲ್ಲ, ದರ್ಜೆ ಕುಸಿಯಿತು. ನಾನು ಬುಡದ ಪರ. ಹಲ್ಲಿನ ತುದಿ ಹರಿಯುವಾಗ ಹೆಚ್ಚುಕಡಿಮೆಯಾಗುತ್ತದೆ, ಬುಡವನ್ನು ನಿರ್ಧರಿಸುವುದು ಯಂತ್ರ. ಯಾವುದನ್ನಾದರೂ ಆರಿಸಿಕೊಳ್ಳಿ, ಆದರೆ ಎರಡು ತಂತ್ರಾಂಶಗಳ ಅಂಕಗಳನ್ನು ಹೋಲಿಸುವ ಮುನ್ನ ಅವೆರಡೂ ಎಲ್ಲಿಂದ ಅಳೆಯುತ್ತವೆ ಎಂದು ನೋಡಿ.

ಓರೆಯಾದ ಸ್ಕ್ಯಾನನ್ನು ನೇರಗೊಳಿಸುವಾಗಲೂ ಎಚ್ಚರ ಬೇಕು. ಕೆಲವು ಚೀಟಿಗಳಲ್ಲಿ ರಂಧ್ರದ ಸಾಲೇ ಚಿತ್ರಕ್ಕೆ ಓರೆಯಾಗಿರುತ್ತದೆ. ಕಾಗದದ ಅಂಚನ್ನು ನೇರ ಮಾಡಿದರೆ ಚಿತ್ರ ಓರೆ, ಚಿತ್ರವನ್ನು ನೇರ ಮಾಡಿದರೆ ಕಾಗದ ಓರೆ. ಪ್ರತಿ ಬದಿಯಲ್ಲೂ ಒಂದೇ ಕಡೆ ಅಳೆಯದೆ ಎರಡು ಮೂಲೆಗಳ ಬಳಿ ಅಳೆದರೆ ಈ ಓರೆ ತಾನಾಗಿ ಹೊರಬೀಳುತ್ತದೆ.

ಅಂಚೇ ಇಲ್ಲದ ಇಂದಿನ ಚಿತ್ರಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ರಂಧ್ರಗಳೇ ಇಲ್ಲದ 1840ರ ಪೆನ್ನಿ ಬ್ಲ್ಯಾಕ್‌ಗೂ ಹೊಂದುವುದಿಲ್ಲ. ಅಲ್ಲಿ ಸಂಗ್ರಾಹಕರು ನೋಡುವುದು ಕತ್ತರಿ ನಾಲ್ಕೂ ಕಡೆ ಚಿತ್ರವನ್ನು ಮುಟ್ಟದೆ ಬಿಟ್ಟಿದೆಯೇ ಎಂಬುದನ್ನು.

ರಂಧ್ರಗಳ ಲೆಕ್ಕ

ಪರ್ಫೊರೇಶನ್ ಅಳತೆ ಎಂದರೆ ಎರಡು ಸೆಂಟಿಮೀಟರ್ ಉದ್ದದಲ್ಲಿ ಬರುವ ರಂಧ್ರಗಳ ಸಂಖ್ಯೆ. ಪ್ಯಾರಿಸಿನ ಲೆಗ್ರಾಂ 1866ರಲ್ಲಿ ಈ ಕ್ರಮವನ್ನು ತಂದರು. ನಮ್ಮ ಸರಣಿಯಲ್ಲಿ ಆರಂಭದ ಹಾಳೆಗಳು 12ರ ಅಳತೆಯವು. ರಂಧ್ರಗಳು ಒತ್ತೊತ್ತಾಗಿದ್ದರಿಂದ ಹಾಳೆ ಬೇಡದ ಹೊತ್ತಿನಲ್ಲೇ ಹರಿಯುತ್ತಿತ್ತು. 1914ರ ಹೊತ್ತಿಗೆ 10ಕ್ಕೆ ಇಳಿಸಿದರು. ಆಗ ಹರಿಯುವುದೇ ಕಷ್ಟವಾಯಿತು. 1917ರಲ್ಲಿ 11ಕ್ಕೆ ಬಂದು ನೆಲೆಗೊಂಡಿತು. ಮಾರಾಟ ಯಂತ್ರಗಳಲ್ಲಿ ಬಳಸುವ ಸುರುಳಿಗಳಿಗೆ ಇನ್ನಷ್ಟು ಗಟ್ಟಿತನ ಬೇಕಿತ್ತು, ಅವುಗಳಿಗೆ ಕೆಲಕಾಲ 8½.

1200 ಡಿಪಿಐಯಲ್ಲಿ ರಂಧ್ರದಿಂದ ರಂಧ್ರಕ್ಕಿರುವ ದೂರ 12ರ ಅಳತೆಗೆ ಸುಮಾರು 79 ಪಿಕ್ಸೆಲ್, 11ಕ್ಕೆ 86, 10ಕ್ಕೆ 94, 8½ಕ್ಕೆ 111. ಒಂದೇ ಜೋಡಿಯನ್ನು ಅಳೆದು ತೀರ್ಮಾನಿಸಬಾರದು. ಮೊದಲ ರಂಧ್ರದ ಕೇಂದ್ರದಿಂದ ಕೊನೆಯ ರಂಧ್ರದ ಕೇಂದ್ರದವರೆಗೆ ಅಳೆದು, ನಡುವಿನ ಅಂತರಗಳ ಸಂಖ್ಯೆಯಿಂದ ಭಾಗಿಸಿ. ಸಾಫ್ಟ್‌ವೇರ್ ಮಾಡುವುದೂ ಇದನ್ನೇ, ಸ್ವಲ್ಪ ಬೇಗ.

ಯಂತ್ರವನ್ನು ಗುರುತಿಸುವುದೂ ಅಳತೆಯಿಂದಲೇ. ರೋಟರಿ ಮುದ್ರಣಕ್ಕೆ ಫಲಕವನ್ನು ಬಾಗಿಸಬೇಕಿತ್ತು; ಬಾಗಿದ ದಿಕ್ಕಿನಲ್ಲಿ ಚಿತ್ರ ಸ್ವಲ್ಪ ಹಿಗ್ಗುತ್ತದೆ. ಚಪ್ಪಟೆ ಫಲಕದಲ್ಲಿ 22 ಮಿಲಿಮೀಟರ್ ಎತ್ತರವಿದ್ದ ಚಿತ್ರ ರೋಟರಿಯಲ್ಲಿ 22½ ಆಗಬಹುದು. ಅರ್ಧ ಮಿಲಿಮೀಟರ್ ಎಂದರೆ 24 ಪಿಕ್ಸೆಲ್. ಬರಿಗಣ್ಣಿಗೆ ಅನುಮಾನವಾಗಿ ಉಳಿಯುವುದು ಇಲ್ಲಿ ಸಂಖ್ಯೆಯಾಗಿ ಸಿಗುತ್ತದೆ. ಸ್ಕ್ಯಾನರ್ ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆ ಅಳೆಯುತ್ತಿದ್ದರೆ ಈ 24 ಪಿಕ್ಸೆಲ್‌ನ ಕೆಲವು ಅದರ ಪಾಲಾಗುತ್ತವೆ. ಅಳತೆಪಟ್ಟಿಯ ಬಗ್ಗೆ ಅಷ್ಟು ಹೇಳಿದ್ದು ಅದಕ್ಕೆ.

ಹೆಚ್ಚು ಅಂಕ ಬಂದ ಚೀಟಿಯ ಮೇಲೆ ಅನುಮಾನ

ಈ ಸರಣಿಯ ಬಹುಪಾಲು ಹಾಳೆಗಳನ್ನು 400 ಚೀಟಿಗಳ ದೊಡ್ಡ ಹಾಳೆಯಾಗಿ ಮುದ್ರಿಸಿ, ನಡುವೆ ಅಡ್ಡ ಮತ್ತು ಉದ್ದಕ್ಕೆ ಕತ್ತರಿಸಿ ನೂರರ ನಾಲ್ಕು ಹಾಳೆ ಮಾಡುತ್ತಿದ್ದರು. ಕತ್ತರಿ ಹಾದ ಕಡೆ ರಂಧ್ರವಿಲ್ಲ. ಹತ್ತು ಸಾಲು, ಹತ್ತು ಕಂಬದ ಹಾಳೆಯ ಎರಡು ಬದಿಗಳು ಹೀಗೆ ಬೋಳಾದರೆ ನೂರರಲ್ಲಿ 19 ಚೀಟಿಗಳಿಗೆ ಕನಿಷ್ಠ ಒಂದು ಬೋಳು ಬದಿ ಇರುತ್ತದೆ. ಸಂಗ್ರಾಹಕರಿಗೆ ಅವು ಬೇಡ. ಹಾಗಾಗಿ ಅಂಥ ಬದಿಗೆ ಕೈಯಾರೆ ರಂಧ್ರ ಹೊಡೆದು ‘ಸರಿ’ ಮಾಡುವವರು ಹುಟ್ಟಿಕೊಂಡರು. ಇನ್ನೊಂದು ಕೈಚಳಕ ಇದಕ್ಕಿಂತ ನಯವಾದದ್ದು: ಒಂದು ಬದಿಗೆ ಅಗಲ ಅಂಚಿರುವ ಚೀಟಿಯನ್ನು ಅಲ್ಲಿ ಕತ್ತರಿಸಿ ಹೊಸ ರಂಧ್ರ ಕೊಟ್ಟರೆ ಚಿತ್ರ ನಡುವಿಗೆ ಬರುತ್ತದೆ. ಮೂರನೆಯದಂತೂ ಸುಲಭ. ಸುರುಳಿ ಚೀಟಿಗೆ ಎದುರುಬದುರಿನ ಎರಡು ಬದಿಗಳು ಬೋಳು, ಹಾಗಾಗಿ ಹಾಳೆಯ ಚೀಟಿಯ ಅಂಥ ಎರಡು ಬದಿಯ ಹಲ್ಲುಗಳನ್ನು ಕತ್ತರಿಸಿದರೆ ಅಪರೂಪದ ಸುರುಳಿ ಚೀಟಿ ತಯಾರು.

ಸೆಂಟರಿಂಗ್ ಮಾತ್ರ ನೋಡುವ ತಂತ್ರಾಂಶ ಎರಡನೆಯ ಚೀಟಿಗೆ ಬೆನ್ನು ತಟ್ಟಿ 95 ಕೊಡುತ್ತದೆ. ಮೋಸಗಾರ ಸರಿಪಡಿಸಿದ್ದೂ ತಂತ್ರಾಂಶ ಅಳೆದದ್ದೂ ಒಂದೇ ವಿಷಯವಾದ್ದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆನ್‌ಲೈನ್ ಮಾರಾಟಗಾರರು ತಾವೇ ತೆಗೆದ ಅಂಕವನ್ನು ದೊಡ್ಡಕ್ಷರದಲ್ಲಿ ಹಾಕಿದಾಗ ನಾನು ಮೊದಲು ನೋಡುವುದು ಚೀಟಿಯ ಒಟ್ಟು ಅಗಲವನ್ನು. ಅದೇ ಮುದ್ರಣದ ಇತರ ಚೀಟಿಗಳಿಗಿಂತ ಎದ್ದು ಕಾಣುವಷ್ಟು ಕಿರಿದಾಗಿದ್ದರೆ ಮುಂದಿನ ಪರೀಕ್ಷೆಗೆ ಕಾರಣವಿದೆ.

ಅದೃಷ್ಟಕ್ಕೆ ಅದೇ ಸ್ಕ್ಯಾನಿನಲ್ಲಿ ಬೇರೆ ಸಾಕ್ಷಿಗಳೂ ಇವೆ. ರಂಧ್ರಯಂತ್ರದಿಂದ ಬಂದ ಎದುರುಬದುರು ಸಾಲುಗಳು ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತವೆ. ಪ್ರತಿ ಬದಿಯ ರಂಧ್ರ ಕೇಂದ್ರಗಳ ಮೂಲಕ ಒಂದು ಸರಳರೇಖೆ ಹಾಯಿಸಿ ಎರಡರ ನಡುವಿನ ಕೋನ ನೋಡಿ. ರೇಖೆಯಿಂದ ಪ್ರತಿ ರಂಧ್ರ ಎಷ್ಟು ಆಚೀಚೆ ಸರಿದಿದೆ ಎಂದೂ ನೋಡಿ; ಕೈಯಿಂದ ಹೊಡೆದ ಸಾಲು ಅಲೆಯುತ್ತದೆ. ರಂಧ್ರದ ವ್ಯಾಸ ಮೂರು ಬದಿಯಲ್ಲಿ ಒಂದು, ನಾಲ್ಕನೆಯದರಲ್ಲಿ ಬೇರೆ ಎಂದಾದರೆ ಅನುಮಾನ ಗಟ್ಟಿಯಾಯಿತು. ಹಲ್ಲಿನ ತುದಿಯನ್ನು ದೊಡ್ಡದು ಮಾಡಿ ನೋಡಿ: ಹರಿದು ಬೇರ್ಪಟ್ಟ ಹಲ್ಲಿನಲ್ಲಿ ಕಾಗದದ ನಾರು ಕಾಣುತ್ತದೆ, ಕತ್ತರಿಸಿದ್ದು ಚಪ್ಪಟೆ. ಆದರೆ ಸರ್ಕಾರಿ ಮುದ್ರಣಾಲಯದ ಯಂತ್ರಗಳೂ ಪರಿಪೂರ್ಣವಾಗಿರಲಿಲ್ಲ, ಸೂಜಿಗಳು ಸವೆಯುತ್ತಿದ್ದವು, ಕತ್ತರಿಯಿಂದ ಬಿಡಿಸಿದ ಪ್ರಾಮಾಣಿಕ ಚೀಟಿಗಳೂ ಇವೆ. ಒಂದು ಲಕ್ಷಣದಿಂದ ತೀರ್ಪು ಬೇಡ, ಎರಡು ಮೂರು ಕೂಡಿ ಬಂದರೆ ತಜ್ಞರ ಪ್ರಮಾಣಪತ್ರವಿಲ್ಲದೆ ಕೊಳ್ಳಬೇಡಿ.

ಮುಂಬದಿಯ ಸ್ಕ್ಯಾನ್ ಹೇಳದಿರುವುದು

ಹಿಂದಿನ ಅಂಟು ಮೂಲದ್ದೇ, ಮತ್ತೆ ಸವರಿದ್ದೇ, ಹಿಂಜ್ (ಆಲ್ಬಮ್ಮಿಗೆ ಅಂಟಿಸುವ ಕಾಗದದ ತುಣುಕು) ಅಂಟಿಸಿದ ಗುರುತಿದೆಯೇ, ಕಾಗದ ಎಲ್ಲಾದರೂ ತೆಳುವಾಗಿದೆಯೇ ಎಂಬುದನ್ನು ಮುಂಬದಿಯ ಚಿತ್ರ ತಿಳಿಸುವುದಿಲ್ಲ. ಬಳಸದ ಚೀಟಿಯ ಬೆಲೆಯನ್ನು ಇವುಗಳೇ ಏರಿಸಿ ಇಳಿಸುತ್ತವೆ. ಹಿಂಬದಿಯನ್ನು ಸ್ಕ್ಯಾನ್ ಮಾಡಿದರೆ ಹಿಂಜ್ ಗುರುತು ಸಿಗಬಹುದು. ತೆಳುವಾದ ಜಾಗಕ್ಕೆ ಹಿಂದಿನಿಂದ ಬೆಳಕು ಹಾಯಿಸಬೇಕು ಅಥವಾ ವಾಟರ್‌ಮಾರ್ಕ್ ಕಾಣುವಂತೆ ಮಾಡುವ ದ್ರವ ಬೇಕು. ನಮ್ಮ ಸರಣಿಗೆ ಆ ದ್ರವ ಹೇಗೂ ಬೇಕು. ಮೊದಲ ಚೀಟಿಗಳಲ್ಲಿ ಎರಡು ಗೆರೆಯ ಅಕ್ಷರಗಳ ವಾಟರ್‌ಮಾರ್ಕ್, 1910ರಿಂದ ಒಂದು ಗೆರೆಯದು, 1916ರಿಂದ ಏನೂ ಇಲ್ಲ.

ಬಣ್ಣದ ವಿಷಯ ಚಿಕ್ಕದು. ಎರಡು ಸ್ಕ್ಯಾನರ್‌ಗಳ ಬಣ್ಣವನ್ನು ಹೋಲಿಸಬೇಡಿ. ಖಚಿತವಾಗಿ ಗುರುತಿಸಿದ ಒಂದು ಚೀಟಿಯನ್ನು ಪಕ್ಕದಲ್ಲಿಟ್ಟು ಒಂದೇ ಸಲಕ್ಕೆ ಸ್ಕ್ಯಾನ್ ಮಾಡಿದರೆ ವ್ಯತ್ಯಾಸಕ್ಕೆ ಅರ್ಥವಿದೆ.

ಸಾವಿರಾರು ಚಿತ್ರಗಳನ್ನು ತೋರಿಸಿ ಯಂತ್ರಕ್ಕೆ ದರ್ಜೆ ಕಲಿಸುವ ಪ್ರಯತ್ನಕ್ಕೂ ಇದೇ ತೊಡಕು. ತಜ್ಞರು ಅಂಕ ಕೊಟ್ಟದ್ದು ಚೀಟಿಯನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ. ಯಂತ್ರಕ್ಕೆ ಸಿಗುವುದು ಮುಂಬದಿ ಮಾತ್ರ. ತೆಳುವಾದ ಕಾಗದದಿಂದಾಗಿ 50 ಪಡೆದ ಸುಂದರ ಚೀಟಿಯ ಎದುರು ಅದಕ್ಕೆ ಕಲಿಯಲು ಏನೂ ಇರುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಅಂಕವೊಂದನ್ನೇ ಬರೆಯಬೇಡಿ. ನಾಲ್ಕೂ ಅಂಚುಗಳನ್ನು ಮಿಲಿಮೀಟರಿನಲ್ಲಿ, ಬುಡದಿಂದಲೋ ತುದಿಯಿಂದಲೋ ಎಂಬುದನ್ನು, ನಾಲ್ಕು ಬದಿಯ ರಂಧ್ರದ ಅಳತೆಯನ್ನು, ಚಿತ್ರದ ಉದ್ದ ಅಗಲವನ್ನು, ಎರಡೂ ದಿಕ್ಕಿನ ನಿಜವಾದ ಡಿಪಿಐಯನ್ನು ಬರೆದಿಡಿ. ಹಿಂಬದಿಯನ್ನು ಕಣ್ಣಾರೆ ನೋಡಿದ್ದೀರೋ ಇಲ್ಲವೋ ಎಂಬುದಕ್ಕೂ ಒಂದು ಕಂಬ ಇರಲಿ.