ಜಿನೀವಾ ಸಭೆಯಲ್ಲಿ ಬೀಡಿ ಕಟ್ಟುವವರಿಗೆ ಜಾಗ ಇದೆಯಾ?

ಓದುಗರ ಪ್ರಶ್ನೆ: ನಾನು ನಿಪ್ಪಾಣಿ ಕಡೆಯವಳು. ಮದುವೆಯಾಗಿ ಬಂದಾಗಿನಿಂದ ಬೀಡಿ ಕಟ್ಟುತ್ತಿದ್ದೇನೆ, ನಮ್ಮ ಓಣಿಯ ಹೆಣ್ಣುಮಕ್ಕಳದ್ದೊಂದು ಸಂಘವೂ ಇದೆ. ತಂಬಾಕಿನ ಬಗ್ಗೆ, ಮನೆಯಲ್ಲೇ ಕೂತು ದುಡಿಯುವವರ ಬಗ್ಗೆ ವಿದೇಶದಲ್ಲಿ ದೊಡ್ಡ ದೊಡ್ಡ ಸಭೆ ನಡೆಯುತ್ತವೆ ಅಂತ ಕೇಳಿದ್ದೇವೆ. ನಮ್ಮನ್ನಂತೂ ಯಾರೂ ಒಂದು ಮಾತು ಕೇಳಿಲ್ಲ. ನಮ್ಮಂಥ ಸಂಘದವರು ಅಲ್ಲಿಗೆ ಹೋಗಿ ಮಾತಾಡಬಹುದಾ?

ಅಕ್ಕಾ, ಇದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ತುಂಬಾ ಜನ ಕೇಳಿದ್ದಾರೆ. ಕಬ್ಬಿನ ರೈತರು ಕೇಳಿದ್ದಾರೆ, ನೇಕಾರರು ಕೇಳಿದ್ದಾರೆ. ನೇರವಾಗಿ ಹೇಳುತ್ತೇನೆ: ಹೋಗಬಹುದು. ಆದರೆ ಒಳಗೆ ಹೋಗುವುದು ಬೇರೆ, ಅಲ್ಲಿ ನಿಮ್ಮ ಮಾತಿಗೆ ವೋಟಿನ ಬೆಲೆ ಇರುವುದು ಬೇರೆ. ಒಂದೊಂದು ಸಭೆಗೆ ಒಂದೊಂದು ಕಾನೂನು. ಹಾಗಾಗಿ ಯಾವ ಬಾಗಿಲು ತಟ್ಟಬೇಕು ಅನ್ನೋದು ಮೊದಲು ಗೊತ್ತಾಗಬೇಕು.

ಎಲ್ಲರಿಗೂ ಮೊದಲು ನೆನಪಾಗುವುದು ವಿಶ್ವಸಂಸ್ಥೆ. ಅದರ ಸನ್ನದಿನ 71ನೇ ವಿಧಿಯ ಪ್ರಕಾರ ಸರ್ಕಾರೇತರ ಸಂಘಟನೆಗಳು ಅಲ್ಲಿನ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ ಸಲಹಾ ಸ್ಥಾನ, ಅಂದರೆ ವೋಟಿಲ್ಲದಿದ್ದರೂ ಸಭೆಗೆ ಹೋಗಿ ಅಭಿಪ್ರಾಯ ಹೇಳುವ ಅವಕಾಶ, ಪಡೆಯಬಹುದು. ಅರ್ಜಿ ನೋಡುವುದು 19 ದೇಶಗಳ ಒಂದು ಸಮಿತಿ. ತೊಡಕು ಇರುವುದೂ ಅಲ್ಲೇ. ಸಮಿತಿಯ ಯಾವುದೇ ದೇಶ ಒಂದು ಪ್ರಶ್ನೆ ಕೇಳಿದರೆ ಸಾಕು, ಅರ್ಜಿ ಮುಂದಿನ ಅಧಿವೇಶನಕ್ಕೆ ಹೋಗುತ್ತದೆ. ಉತ್ತರ ಕೊಟ್ಟರೆ ಮತ್ತೊಂದು ಪ್ರಶ್ನೆ. ಅಂತರರಾಷ್ಟ್ರೀಯ ದಲಿತ ಐಕ್ಯತಾ ಜಾಲ ಅನ್ನೋ ಸಂಘಟನೆ 2008ರಲ್ಲಿ ಅರ್ಜಿ ಹಾಕಿತ್ತು. ಆ ಸ್ಥಾನ ಸಿಕ್ಕಿದ್ದು 2022ರ ಡಿಸೆಂಬರ್‌ನಲ್ಲಿ, ಅದೂ ಮಂಡಳಿಯಲ್ಲಿ ವೋಟಿಗೆ ಹಾಕಿದ ಮೇಲೆ. ಅಷ್ಟೂ ವರ್ಷ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಾ ಬಂದಿದ್ದು ನಮ್ಮದೇ ದೇಶ. ಜಾತಿಯ ನೋವು ಹೇಳಿಕೊಳ್ಳಲು ಬಂದವರನ್ನು ಇಷ್ಟು ವರ್ಷ ಹೊಸ್ತಿಲಲ್ಲೇ ನಿಲ್ಲಿಸಿದ್ದು ತಪ್ಪು. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಒಂದೇ ಸರ್ಕಾರ ಸುಮ್ನೆ ಪ್ರಶ್ನೆ ಕೇಳಿಕೊಂಡು ಅರ್ಜಿಯನ್ನು ವರ್ಷಗಟ್ಟಲೆ ತಡೆಯುವ ಈ ಪದ್ಧತಿ ಹೋಗಬೇಕು ಅಂತ ಸಂಘಟನೆಗಳು ಎಷ್ಟೋ ಕಾಲದಿಂದ ಕೇಳುತ್ತಿವೆ.

ಇನ್ನು ತಂಬಾಕಿನ ಸಭೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಭಾರತ 2004ರಲ್ಲೇ ಸೇರಿದೆ. ಅದರ 17ನೇ ವಿಧಿ ನಿಮ್ಮ ಬಗ್ಗೆಯೇ ಇದೆ: ತಂಬಾಕು ಬೆಳೆಯುವವರಿಗೆ, ಅದರಲ್ಲಿ ದುಡಿಯುವವರಿಗೆ, ಚಿಲ್ಲರೆ ಮಾರುವವರಿಗೆ ಹೊಟ್ಟೆ ತುಂಬುವಂಥ ಬೇರೆ ದಾರಿ ಸಿಗುವಂತೆ ಸರ್ಕಾರಗಳು ನೋಡಿಕೊಳ್ಳಬೇಕು. ಆದರೆ ಆ ವಿಧಿ ಎಷ್ಟು ಜಾರಿಯಾಯಿತು ಅಂತ ಚರ್ಚೆ ಮಾಡುವ ಜಾಗದಲ್ಲಿ ಬೀಡಿ ಕಟ್ಟುವ ಹೆಣ್ಣುಮಗಳಿಗೆ ಸ್ವಂತ ಕುರ್ಚಿ ಇಲ್ಲ. ಅಲ್ಲಿ ವೀಕ್ಷಕರಾಗಿ ಕೂರಲು ಅಂತರರಾಷ್ಟ್ರೀಯ ಅಥವಾ ಪ್ರಾದೇಶಿಕ ಮಟ್ಟದ ಸಂಘಟನೆಯೇ ಆಗಿರಬೇಕು, ಒಪ್ಪಂದದ ಉದ್ದೇಶಕ್ಕೆ ಹೊಂದುವಂಥದ್ದೂ ಆಗಿರಬೇಕು. 2016ರ ನವೆಂಬರ್‌ನಲ್ಲಿ ಈ ಸಭೆ ನಮ್ಮ ದೇಶದಲ್ಲೇ, ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ ನಡೆಯಿತು. ಹೊರಗೆ ತಂಬಾಕು ರೈತರು ಪ್ರತಿಭಟನೆ ಮಾಡುತ್ತಿದ್ದರು, ಒಳಗೆ ಸಾರ್ವಜನಿಕರಿಗೆ ಪ್ರವೇಶ ಇರಲಿಲ್ಲ.

ಇದು ಅನ್ಯಾಯ ಅಲ್ವಾ ಅಂತ ನೀವು ಕೇಳಬಹುದು. ಅರ್ಧ ಹೌದು, ಅರ್ಧ ಅಲ್ಲ. ಆ ಬಾಗಿಲು ಮುಚ್ಚಿರುವುದಕ್ಕೆ ಕಾರಣ ಇದೆ. ಸಿಗರೇಟು ಕಂಪನಿಗಳು ರೈತರ ಹೆಸರು ಮುಂದಿಟ್ಟುಕೊಂಡು ಒಳಗೆ ನುಗ್ಗಲು ನೋಡಿದ್ದು ದಾಖಲೆಯಲ್ಲೇ ಇದೆ. 1984ರಲ್ಲಿ ಹುಟ್ಟಿದ ತಂಬಾಕು ಬೆಳೆಗಾರರ ಒಂದು ಅಂತರರಾಷ್ಟ್ರೀಯ ಸಂಘದ ಹಿಂದೆ ಕಂಪನಿಗಳ ದುಡ್ಡಿತ್ತು ಅನ್ನೋದು ಅವರದ್ದೇ ಒಳಗಿನ ಕಾಗದಪತ್ರ ಹೊರಬಿದ್ದ ಮೇಲೆ ಗೊತ್ತಾಯಿತು. ಅದಕ್ಕೇ ಒಪ್ಪಂದದ 5.3ನೇ ವಿಧಿ ಆರೋಗ್ಯ ನೀತಿಯ ಮೇಲೆ ಕಂಪನಿಗಳ ಕೈ ಬೀಳದಂತೆ ಕಾಯಬೇಕು ಅನ್ನುತ್ತದೆ. ಅದು ಸರಿಯೇ. ಬಾಗಿಲನ್ನು ಎಲ್ಲರಿಗೂ ಹಾರು ಹೊಡೆದು ಬಿಟ್ಟರೆ ಮೊದಲು ಒಳಗೆ ಬರುವುದು ವಿಮಾನದ ಟಿಕೆಟ್ ಕೊಳ್ಳುವ ತಾಕತ್ತು ಇದ್ದವರೇ. ಆದರೆ ಕಂಪನಿಯನ್ನು ತಡೆಯಲು ಹಾಕಿದ ಬೇಲಿ, ಮೊರದಲ್ಲಿ ತಂಬಾಕು, ಎಲೆ, ದಾರ ಇಟ್ಟುಕೊಂಡು ಕೂರುವ ನಿಮ್ಮನ್ನೂ ಹೊರಗೇ ಉಳಿಸಿದೆಯಲ್ಲ, ಅಲ್ಲಿ ತಕರಾರು ಇದೆ. ಗುತ್ತಿಗೆದಾರ ಸಾವಿರ ಬೀಡಿ ಎಣಿಸಿಕೊಂಡು, ಸರಿಯಿಲ್ಲ ಅಂತ ಒಂದಷ್ಟನ್ನು ಬದಿಗೆ ತೆಗೆದು, ಅದಕ್ಕೆ ಕೂಲಿ ಕೊಡದೆ ಇಟ್ಟುಕೊಳ್ಳುವುದನ್ನು ಆ ಸಭೆಯಲ್ಲಿ ಯಾರು ಹೇಳಬೇಕು? ಬೀಡಿ ಬಿಟ್ಟು ಬೇರೆ ಕೆಲಸ ಕೊಡಿ ಅಂದಾಗ ಯಾವ ಕೆಲಸ, ಎಷ್ಟು ಕೂಲಿ, ಮಕ್ಕಳನ್ನು ನೋಡಿಕೊಂಡು ಮಾಡುವಂಥದ್ದಾ ಅಂತ ಹೇಳಬೇಕಾದವರು ನೀವೇ ಅಲ್ವಾ?

ಹಾಗಾದರೆ ನಿಮಗೆ ಹತ್ತಿರದ ಬಾಗಿಲು ಯಾವುದು? ನನ್ನ ಪ್ರಕಾರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ. 1919ರಲ್ಲಿ ಹುಟ್ಟಿದ್ದು, ಪ್ರತಿ ಜೂನ್‌ನಲ್ಲಿ ಜಿನೀವಾದಲ್ಲಿ ಸಮ್ಮೇಳನ ನಡೆಸುತ್ತದೆ. ಬೇರೆ ಸಭೆಗಳಲ್ಲಿ ಇಲ್ಲದ್ದು ಇಲ್ಲಿದೆ. ಪ್ರತಿ ದೇಶದಿಂದ ಇಬ್ಬರು ಸರ್ಕಾರದವರು, ಒಬ್ಬರು ಮಾಲೀಕರ ಕಡೆಯವರು, ಒಬ್ಬರು ಕಾರ್ಮಿಕರ ಕಡೆಯವರು ಬರುತ್ತಾರೆ, ಪ್ರತಿಯೊಬ್ಬರಿಗೂ ತಮ್ಮದೇ ವೋಟು. ಸರ್ಕಾರ ಒಂದು ಕಡೆ ವೋಟು ಹಾಕಿದರೆ ಕಾರ್ಮಿಕ ಪ್ರತಿನಿಧಿ ಇನ್ನೊಂದು ಕಡೆ ಹಾಕಬಹುದು. ಪ್ರತಿನಿಧಿಗಳ, ಅವರ ಸಲಹೆಗಾರರ ಪ್ರಯಾಣ ಮತ್ತು ವಸತಿಯ ಖರ್ಚು ಸರ್ಕಾರವೇ ಕೊಡಬೇಕು ಅಂತ ಸಂಸ್ಥೆಯ ಸಂವಿಧಾನದ 13ನೇ ವಿಧಿ ಹೇಳುತ್ತದೆ. ಹೆಂಗಸರಿಗೆ ವಿಶೇಷವಾಗಿ ಸಂಬಂಧಿಸಿದ ವಿಷಯ ಚರ್ಚೆಗೆ ಬಂದರೆ ಸಲಹೆಗಾರರಲ್ಲಿ ಒಬ್ಬರಾದರೂ ಹೆಂಗಸು ಇರಬೇಕು ಅಂತಲೂ ಇದೆ.

ಸುಮ್ನೆ ಕಾಗದದ ಮಾತು ಅಂದುಕೊಳ್ಳಬೇಡಿ. ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ, ಸ್ವಂತವಾಗಿ ದುಡಿದು ತಿನ್ನುವ ಹೆಂಗಸರಿಗಾಗಿ ‘ಸೇವಾ’ ಅನ್ನೋ ಹೆಸರಿನ ಸಂಘಟನೆ ಕಟ್ಟಿದಾಗ ಅದನ್ನು ಯೂನಿಯನ್ ಅಂತ ನೋಂದಾಯಿಸಲು ಕಾರ್ಮಿಕ ಇಲಾಖೆ ಮೊದಲು ಒಪ್ಪಲಿಲ್ಲ. ಮಾಲೀಕನೇ ಇಲ್ಲ, ಯಾರ ವಿರುದ್ಧ ಹೋರಾಡುತ್ತೀರಿ ಅನ್ನೋದು ಅವರ ಪ್ರಶ್ನೆ. ಅದೇ ಹೆಣ್ಣುಮಕ್ಕಳ ಸಂಘಟನೆ ಮನೆಯಲ್ಲಿ ದುಡಿಯುವವರಿಗೂ ಅಂತರರಾಷ್ಟ್ರೀಯ ಕಾನೂನು ಬೇಕು ಅಂತ ವರ್ಷಗಟ್ಟಲೆ ಓಡಾಡಿತು, ಬೇರೆ ದೇಶಗಳ ಯೂನಿಯನ್‌ಗಳನ್ನು ಜೊತೆಗೆ ಕಟ್ಟಿಕೊಂಡಿತು, ಮನೆಯಲ್ಲೇ ದುಡಿಯುವವರು ಎಷ್ಟು ಜನ ಇದ್ದಾರೆ ಅನ್ನೋ ಅಂಕಿಅಂಶ ಸೇರಿಸಿ ಪ್ರತಿನಿಧಿಗಳ ಮುಂದೆ ಇಡುವಂತೆ ಮಾಡಿತು. ಮಾಲೀಕರ ಗುಂಪಿಗೆ ಅದು ಬೇಡವಾಗಿತ್ತು. ಆದರೂ 1996ರ ಜೂನ್‌ನಲ್ಲಿ 177ನೇ ಒಪ್ಪಂದ ಪಾಸಾಯಿತು. ಮನೆಯಲ್ಲಿ ಕೂತು ಬೇರೆಯವರಿಗೆ ಮಾಲು ತಯಾರಿಸಿಕೊಡುವವರೂ ಕಾರ್ಮಿಕರೇ, ಕೂಲಿ, ಸುರಕ್ಷೆ, ಹೆರಿಗೆ ಸೌಲಭ್ಯ, ಸಂಘ ಕಟ್ಟುವ ಹಕ್ಕಿನಲ್ಲಿ ಅವರಿಗೂ ಬೇರೆ ಕಾರ್ಮಿಕರಷ್ಟೇ ಪಾಲು ಸಿಗಬೇಕು ಅನ್ನುವ ಒಪ್ಪಂದ ಅದು. ಭಾರತ ಅದನ್ನು ಇವತ್ತಿಗೂ ಅನುಮೋದಿಸಿಲ್ಲ. ಇದನ್ನು ನಿಮ್ಮ ಸಂಘದ ಸಭೆಯಲ್ಲಿ ಜೋರಾಗಿ ಓದಿ ಹೇಳಿ.

ಇಲ್ಲೂ ಎಲ್ಲ ನೆಟ್ಟಗಿದೆ ಅಂತಲ್ಲ. ಕಾರ್ಮಿಕರ ಆ ಒಂದು ಜಾಗ ಸದಸ್ಯರ ಲೆಕ್ಕದಲ್ಲಿ ದೊಡ್ಡದಾದ ಕೇಂದ್ರ ಸಂಘಟನೆಗೇ ಸಾಮಾನ್ಯವಾಗಿ ಹೋಗುತ್ತದೆ, ಉಳಿದವರು ಸಲಹೆಗಾರರಾಗಿ ಹೋಗಬೇಕು. ಓಣಿಯ ಸಂಘಕ್ಕೆ ನೇರ ದಾರಿ ಇಲ್ಲ. ಹಾಗಾಗಿ ಯಾವುದಾದರೂ ಕೇಂದ್ರ ಕಾರ್ಮಿಕ ಸಂಘಟನೆಯ ಬೀಡಿ ಫೆಡರೇಶನ್‌ಗೆ ಸೇರಿಕೊಳ್ಳಿ. ಸದಸ್ಯರ ಪುಸ್ತಕ, ವಂತಿಗೆ ರಸೀದಿ ಸರಿಯಾಗಿ ಇಡಿ, ಯಾಕೆಂದರೆ ಸದಸ್ಯತ್ವ ತಾಳೆ ನೋಡುವಾಗ ಲೆಕ್ಕಕ್ಕೆ ಬರುವುದು ಅದೇ. ರಸೀದಿ ಇಲ್ಲದ ಸದಸ್ಯೆ ದೆಹಲಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ದುಡ್ಡಿನ ವಿಷಯವನ್ನೂ ಹೇಳಲೇಬೇಕು. ವಿದೇಶದ ಯಾರೋ ಸಹಾಯ ಮಾಡುತ್ತಾರೆ ಅಂದುಕೊಂಡರೆ, ವಿದೇಶಿ ದೇಣಿಗೆ ಕಾಯ್ದೆ ಅಡ್ಡ ಬರುತ್ತದೆ. 2020ರ ತಿದ್ದುಪಡಿ ಆದ ಮೇಲೆ, ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ದೆಹಲಿಯ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ದುಡ್ಡಿನಲ್ಲಿ ನಿಪ್ಪಾಣಿಯ ಸಂಘಕ್ಕೆ ಒಂದು ಪಾಲು ಕೊಡುತ್ತೇನೆ ಅಂದರೂ ಆಗುವುದಿಲ್ಲ. ಅದರ ಮೇಲೆ ವೀಸಾ ಅಲೆದಾಟ ಬೇರೆ. ಇನ್ನು ಭಾಷೆ: ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು, ಅದರಲ್ಲಿ ಕನ್ನಡ, ಮರಾಠಿ ಹೋಗಲಿ, ಹಿಂದಿಯೂ ಇಲ್ಲ. ಬಡವರ ಸಂಘಟನೆಗಳು ಇವತ್ತು ಎಲ್ಲ ಸಮ್ಮೇಳನಗಳಲ್ಲೂ ಕೇಳುತ್ತಿರುವುದು ಇದನ್ನೇ: ಟಿಕೆಟ್ ಖರ್ಚು, ಹೊತ್ತಿಗೆ ಸರಿಯಾಗಿ ವೀಸಾ, ದುಭಾಷಿ, ಮತ್ತು ಕರಡು ಬರೆಯುವ ಕೋಣೆಯಲ್ಲಿ ಜಾಗ. ಕೊನೆಯದ್ದು ಸಿಗುವುದು ಎಲ್ಲಕ್ಕಿಂತ ಕಷ್ಟ.

ಆದರೆ ಜಿನೀವಾಕ್ಕೆ ಹೋಗುವುದಕ್ಕಿಂತ ಮೊದಲೇ ಮಾಡಬಹುದಾದ ಒಂದು ಕೆಲಸ ಇದೆ, ನಮ್ಮ ಜನ ಇದನ್ನು ಜಾಸ್ತಿ ಬಳಸಿಲ್ಲ. ಕಾರ್ಮಿಕ ಸಂಸ್ಥೆ ಹೊಸ ಒಪ್ಪಂದ ಮಾಡುವ ಮುಂಚೆ ಪ್ರತಿ ಸರ್ಕಾರಕ್ಕೂ ಒಂದು ಪ್ರಶ್ನಾವಳಿ ಕಳಿಸುತ್ತದೆ, ಸಮ್ಮೇಳನಕ್ಕೆ ಒಂದು ವರ್ಷಕ್ಕೂ ಮುಂಚೆ. ಅದಕ್ಕೆ ಉತ್ತರ ಬರೆಯುವಾಗ ಕಾರ್ಮಿಕ ಸಂಘಟನೆಗಳ ಜೊತೆ ಮಾತಾಡಲೇಬೇಕು. 144ನೇ ಒಪ್ಪಂದ ಅದನ್ನೇ ಹೇಳುತ್ತದೆ, ಅದನ್ನು ಭಾರತ 1978ರಲ್ಲೇ ಅನುಮೋದಿಸಿದೆ. ನಮ್ಮ ದೇಶ ಜಿನೀವಾದಲ್ಲಿ ಏನು ಹೇಳುತ್ತದೆ ಅನ್ನೋದು ದೆಹಲಿಯಲ್ಲಿ ಆಗಲೇ ಅರ್ಧ ತೀರ್ಮಾನ ಆಗಿರುತ್ತದೆ. ಆ ಹೊತ್ತಿಗೆ ನಿಮ್ಮ ಪತ್ರ ಅಲ್ಲಿರಬೇಕು.

ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಮೂರು ವಿಷಯ ಕೇಳಿ: ಇತ್ತೀಚಿನ ಪ್ರಶ್ನಾವಳಿಗೆ ಕೊಟ್ಟ ಉತ್ತರದ ಪ್ರತಿ, ಅದಕ್ಕಾಗಿ ಯಾವ ಯಾವ ಸಂಘಟನೆಗಳ ಜೊತೆ ಮಾತಾಡಿದರು ಅನ್ನೋ ಪಟ್ಟಿ, 177ನೇ ಒಪ್ಪಂದ ಅನುಮೋದಿಸುವ ಬಗ್ಗೆ ಕಡತದಲ್ಲಿ ಏನಿದೆ ಅನ್ನೋದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಅರ್ಜಿ ಹಾಕುವ ಊರಿನ ಆಡಳಿತ ಭಾಷೆಯಲ್ಲೂ ಬರೆಯಬಹುದು ಅಂತ ಕಾಯ್ದೆಯ 6ನೇ ಕಲಂ ಹೇಳುತ್ತದೆ. ನಿಪ್ಪಾಣಿಯಿಂದ ಹಾಕುವಾಗ ಕನ್ನಡದಲ್ಲೇ ಬರೆಯಿರಿ.