ನಖೋನ್ ಪಥೋಮ್‌ಗೆ ಒಂದು ದಿನ ಸಾಕಾ?

ಪ್ರಶ್ನೆ: ನವೆಂಬರ್‌ನಲ್ಲಿ ಅಪ್ಪ-ಅಮ್ಮನ ಜೊತೆ ಬ್ಯಾಂಕಾಕ್‌ಗೆ ಹೋಗುತ್ತಿದ್ದೇವೆ. ನಖೋನ್ ಪಥೋಮ್‌ನ ದೊಡ್ಡ ಸ್ತೂಪ ನೋಡಬೇಕು ಅಂತ ಅಪ್ಪನಿಗೆ ಆಸೆ. ಒಂದೇ ದಿನದಲ್ಲಿ ಹೋಗಿ ಬರಬಹುದಾ, ಅಲ್ಲೇ ಉಳಿಯಬೇಕಾ? ಅಮ್ಮ ಶುದ್ಧ ಸಸ್ಯಾಹಾರಿ.

ಉತ್ತರ: ಆರಾಮಾಗಿ ಹೋಗಿ ಬರಬಹುದು. ಊರು ಬ್ಯಾಂಕಾಕ್‌ನಿಂದ ಪಶ್ಚಿಮಕ್ಕೆ ಸುಮಾರು 56 ಕಿಲೋಮೀಟರ್. ರೈಲಿದೆ, ವ್ಯಾನ್ ಇದೆ. ನಾನಾದರೆ ರೈಲೇ ಹತ್ತುತ್ತೇನೆ. ನಿಲ್ದಾಣದಿಂದ ಹೊರಗೆ ಬಂದರೆ ದಾರಿ ಕೇಳಬೇಕಾಗಿಲ್ಲ, ಕಿತ್ತಳೆ ಬಣ್ಣದ ಗುಮ್ಮಟ ಎದುರಿಗೇ ನಿಂತಿರುತ್ತದೆ. ನೇರ ನಡೆದರೆ ಸಾಕು.

ಒಂದೇ ಕಿವಿಮಾತು: ಬೆಳಿಗ್ಗೆ ಓಡಬೇಡಿ, ಮಧ್ಯಾಹ್ನ ಹೊರಡಿ. ಟೂರ್ ವ್ಯಾನ್‌ನವರು ತೇಲುವ ಸಂತೆಯ ಜೊತೆ ಇದನ್ನೂ ಸೇರಿಸಿ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಅದು ಫೋಟೋಗೆ ಸಾಕು, ಅಪ್ಪನಿಗೆ ಸಾಲದು. ಬಿಸಿಲು ಇಳಿಯುವ ಹೊತ್ತಿಗೆ ತಲುಪಿ, ನಿಧಾನಕ್ಕೆ ಪ್ರದಕ್ಷಿಣೆ ಹಾಕಿ, ದೀಪ ಹತ್ತಿದ ಮೇಲೆ ಹೊರಡಿ. ವಾಪಸ್ ರೈಲು ಎಷ್ಟು ಹೊತ್ತಿಗೆ ಅಂತ ಇಳಿದ ತಕ್ಷಣ ನಿಲ್ದಾಣದಲ್ಲೇ ಕೇಳಿಕೊಳ್ಳಿ.

ಊರು ನಖೋನ್ ಪಥೋಮ್, ಸ್ತೂಪ ಫ್ರ ಪಥೋಮ್ ಚೆದಿ. ಹೆಸರು ಕೇಳಿದರೆ ಪರದೇಶದ್ದು ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ಕೆದಕಿ ನೋಡಿ. ನಖೋನ್ ಅಂದರೆ ನಗರ, ಪಥೋಮ್ ಅಂದರೆ ಪ್ರಥಮ, ಚೆದಿ ಅಂದರೆ ಚೈತ್ಯ. ಮೊದಲ ನಗರದ ಮೊದಲ ಚೈತ್ಯ. ಅಶೋಕ ಕಳಿಸಿದ ಸೋಣ, ಉತ್ತರ ಎಂಬ ಭಿಕ್ಷುಗಳು ಸುವರ್ಣಭೂಮಿ ಎಂಬ ಹಳೆಯ ಕಾಲದ ನಾಡಿಗೆ ಬಂದು ಇಳಿದದ್ದು ಇಲ್ಲೇ ಅಂತ ಊರಿನವರ ನಂಬಿಕೆ. ಬರ್ಮಾದ ಮೋನ್ ಜನ ಇದನ್ನು ಒಪ್ಪುವುದಿಲ್ಲ, ಅದು ನಮ್ಮ ಥಾಟೋನ್ ಊರು ಅನ್ನುತ್ತಾರೆ. ಅಂದಹಾಗೆ ಆ ಭಿಕ್ಷುಗಳ ಪಟ್ಟಿ ಇರುವ, ಶ್ರೀಲಂಕಾದ ಹಳೆಯ ಪಾಲಿ ಗ್ರಂಥ 'ಮಹಾವಂಸ'ದಲ್ಲೇ ರಕ್ಖಿತ ಎಂಬ ಭಿಕ್ಷು 'ವನವಾಸ' ಎಂಬ ನಾಡಿಗೆ ಹೋದ ಮಾತೂ ಇದೆ. ಅದು ನಮ್ಮ ಬನವಾಸಿ ಅಂತ ಬಲ್ಲವರು ಹೇಳುತ್ತಾರೆ.

ಈಗ ಕಾಣುವ ಸ್ತೂಪ ಅಷ್ಟು ಹಳೆಯದಲ್ಲ. ಥಾಯ್ಲೆಂಡಿನ ರಾಜ ಮೊಂಗ್‌ಕುಟ್ ಸಿಂಹಾಸನಕ್ಕೆ ಬರುವ ಮೊದಲು ಭಿಕ್ಷುವಾಗಿದ್ದ. ಆಗ ಇಲ್ಲಿಗೆ ಬಂದು, ಪಾಳುಬಿದ್ದ ಹಳೆಯ ಸ್ತೂಪ ನೋಡಿದ್ದ. ರಾಜನಾದ ಮೇಲೆ 1853ರಲ್ಲಿ ಕೆಲಸ ಶುರು ಮಾಡಿಸಿದ. ಹಳೆಯದನ್ನು ಕೆಡವಲಿಲ್ಲ, ಅದರ ಮೇಲೇ ಹೊಸದನ್ನು ಹೊದಿಸಿದ. ಮುಗಿಯುವಾಗ 1870, ಅವನು ತೀರಿಕೊಂಡಾಗಿತ್ತು, ಮಗನ ಆಳ್ವಿಕೆ. ಎತ್ತರ ಸುಮಾರು 120 ಮೀಟರ್. ಒಳಗೆ ಮುಚ್ಚಿಹೋದ ಸ್ತೂಪ ಹೇಗಿತ್ತು ಅಂತ ತೋರಿಸುವ ಒಂದು ಮಾದರಿ ದಕ್ಷಿಣದ ಕಡೆ ಇದೆ. ಜಾಸ್ತಿ ಜನ ಅದನ್ನು ನೋಡದೆಯೇ ಬಂದುಬಿಡುತ್ತಾರೆ.

ಅಪ್ಪನಿಗೆ ಕತೆ ಇಷ್ಟವಾದರೆ ಇದನ್ನು ಹೇಳಿ. ಫ್ರಯಾ ಕೋಂಗ್ ಎಂಬ ರಾಜನಿಗೆ ಮಗ ಹುಟ್ಟಿದ. ಇವನಿಂದಲೇ ನಿನ್ನ ಸಾವು ಅಂದರು ಜೋಯಿಸರು. ಮಗುವನ್ನು ದೂರ ಮಾಡಿದರು. ಹೋಮ್ ಎಂಬ ಅಜ್ಜಿ ಸಾಕಿದಳು. ಹುಡುಗ ದೊಡ್ಡವನಾಗಿ, ಗೊತ್ತಿಲ್ಲದೆ ಯುದ್ಧದಲ್ಲಿ ಅಪ್ಪನನ್ನೇ ಕೊಂದ. ನಿಜ ತಿಳಿದಾಗ, ಮೊದಲೇ ಯಾಕೆ ಹೇಳಲಿಲ್ಲ ಅಂತ ಸಿಟ್ಟಿನಲ್ಲಿ ಸಾಕಿದ ಅಜ್ಜಿಯನ್ನೂ ಕೊಂದ. ಆ ಪಾಪ ಕಳೆಯಲು, ಪಾರಿವಾಳ ಹಾರುವಷ್ಟು ಎತ್ತರಕ್ಕೆ ಸ್ತೂಪ ಕಟ್ಟಿಸಿದನಂತೆ. ಇತಿಹಾಸ ಅಲ್ಲ, ಕತೆ. ಆದರೂ ಪ್ರದಕ್ಷಿಣೆ ಹಾಕುವಾಗ ಆ ಅಜ್ಜಿಯೇ ನೆನಪಾಗುತ್ತಾಳೆ.

ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಚಪ್ಪಲಿ ಬಿಡುವುದು ನಮಗೆ ಹೇಳಿಕೊಡಬೇಕಾಗಿಲ್ಲ. ಕಾಲು ಚಾಚಿ ಕೂರುವುದು ಮಾತ್ರ ಬೇಡ, ಬುದ್ಧನ ಕಡೆ ಪಾದ ತೋರಿಸುವುದು ಅಲ್ಲಿ ದೊಡ್ಡ ತಪ್ಪು. ಅಮ್ಮ ಭಿಕ್ಷುಗಳನ್ನು ಮುಟ್ಟಬಾರದು, ಕೈಗೆ ನೇರವಾಗಿ ಏನೂ ಕೊಡಬಾರದು.

ಇನ್ನು ಊಟ. 'ಮಂಗ್ಸವಿರಾತ್' ಅಂದರೆ ಸಸ್ಯಾಹಾರ, ನಮ್ಮ 'ಮಾಂಸ', 'ವಿರತಿ' ಅನ್ನುವ ಪದಗಳೇ. ಅದಕ್ಕಿಂತ 'ಜೇ' ಅನ್ನುವುದು ಸುಲಭ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅಲ್ಲಿ ಜೇ ಊಟ. ಮೀನಿನ ಸಾಸ್ ಇರುವುದಿಲ್ಲ, ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಬೇರೆ ಅಂಗಡಿಯಲ್ಲಿ ಬರೀ ತರಕಾರಿ ಕೇಳಿದರೂ ಮೀನಿನ ಸಾಸ್ ಬಿದ್ದಿರುತ್ತದೆ. ಸಂಜೆ ಸ್ತೂಪದ ಪಕ್ಕ ಸಂತೆ ಸೇರುತ್ತದೆ. ಅಲ್ಲಿ 'ಖಾವ್ ಲಾಮ್' ಕೊಳ್ಳಿ: ಅಂಟಕ್ಕಿ, ತೆಂಗಿನ ಹಾಲು, ಸಕ್ಕರೆ ಬಿದಿರಿನ ಕೊಳವೆಯಲ್ಲಿ ತುಂಬಿ ಸುಟ್ಟದ್ದು. ಅಮ್ಮನೂ ತಿನ್ನಬಹುದು. ಈ ಸೀಮೆಯ ಚಕ್ಕೋತಕ್ಕೂ ದೊಡ್ಡ ಹೆಸರು. ದೇವನಹಳ್ಳಿಯಲ್ಲಿ ವಿಮಾನ ಹತ್ತಿದವರು ಇಲ್ಲಿಯೂ ಚಕ್ಕೋತ ತಿಂದು ನೋಡಿ ಹೇಳಿ, ಯಾವುದು ಮೇಲು ಅಂತ.

ನವೆಂಬರ್ ಅಂದಿರಲ್ಲ, ನೀರಿನಲ್ಲಿ ದೀಪ ತೇಲಿಬಿಡುವ ಲೊಯ್ ಕ್ರಥೋಂಗ್ ಹಬ್ಬದ ಹುಣ್ಣಿಮೆ ಯಾವಾಗ ಅಂತ ನೋಡಿಕೊಳ್ಳಿ. ಅದರ ಆಸುಪಾಸಿನಲ್ಲಿ ಇಲ್ಲಿ ಒಂಬತ್ತು ದಿನದ ಜಾತ್ರೆ. ಜಾತ್ರೆಯ ಹೆಸರಿನಲ್ಲೂ 'ನಮಸ್ಕಾನ್' ಇದೆ, ನಮಸ್ಕಾರವೇ. ನಿಮ್ಮ ದಿನಗಳು ಅದಕ್ಕೆ ಹೊಂದಿದರೆ ಮಾತ್ರ ಒಂದು ರಾತ್ರಿ ಅಲ್ಲೇ ಉಳಿಯಿರಿ. ರೂಮ್ ಮೊದಲೇ ಮಾಡಿಟ್ಟುಕೊಳ್ಳಿ.